ಆಕಾಶದಲ್ಲಿ ಕಾಣೆಯಾದ ಕರು

ದಾವಣಗೆರೆ ಕೆ.ಬಿ. ಬಡಾವಣೆಯ ಉಜ್ಜನಪ್ಪನವರ ಮನೆಯ ಪಡಸಾಲೆಯಲ್ಲಿ ಒಂದು ಉದ್ದನೆಯ ನೋಟ್‌ಬುಕ್ಕು ಇರುತ್ತಿತ್ತು. ಈ ಸಾಲುಗಳನ್ನು ಬರೆಯುತ್ತಿರುವಾತ ಮೊದಲ ಸಲ ಆ ಮನೆಗೆ ಹೋದಾಗ, ಮಂಡಕ್ಕಿ ಬರುವ ತನಕ ಕೈ ಸುಮ್ಮನಿರದೆ ಅದನ್ನು ತೆರೆದು ನೋಡಿದ. ಹಾಳೆಯ ಮೇಲೆ ಪೆನ್ಸಿಲಿನ ಚುಕ್ಕೆಗಳು, ನಡುವೆ ಯಾರೋ ಒರೆಸಿದಂಥ ಬೂದು ಗುರುತು. ಪುಟ ತಿರುಗಿಸಿದರೆ ಅಲ್ಲಿಯೂ ಅದೇ. ತಟ್ಟೆ ಹಿಡಿದು ಬಂದ ಮನೆಯೊಡತಿ ಅನ್ನಪೂರ್ಣಮ್ಮನಿಗೆ, ರಂಗೋಲಿ ಬಹಳ ಚೆನ್ನಾಗಿದೆಯೆಂದೂ, ಮಕ್ಕಳು ಕೈಯಿಟ್ಟು ನಡುವೆಲ್ಲ ಕೆಡಿಸಿಬಿಟ್ಟಿರುವುದು ಮಾತ್ರ ಅನ್ಯಾಯವೆಂದೂ ಆತ ಸಂತಾಪ ಸೂಚಿಸಿದ.

ಆಕೆ ಮಂಡಕ್ಕಿಯ ಪಕ್ಕಕ್ಕೆ ಎರಡು ಮೆಣಸಿನಕಾಯಿ ಬಜ್ಜಿ ಇಟ್ಟು, "ಒರೆಸಿರೋದೇ ಚಿತ್ರ ರೀ. ಚುಕ್ಕೆ ಬರೀ ಬೇಲಿ" ಅಂದಳು.

ಆ ಬೂದು ಗುರುತು ನೀಹಾರಿಕೆ, ಅದರೊಳಗೆ ಲೆಕ್ಕವಿಲ್ಲದಷ್ಟು ನಕ್ಷತ್ರಗಳಿವೆ ಎಂಬುದು ಆಮೇಲೆ ತಿಳಿಯಿತು. ಅದಕ್ಕಾಗಿ ಈ ಹೆಂಗಸು ಎಷ್ಟು ವರ್ಷ ಎಂಥ ಭಯದಲ್ಲಿ ಬದುಕಿದ್ದಳೆಂಬುದು ತಿಳಿದದ್ದು ಇನ್ನೂ ತಡವಾಗಿ.

ದುರ್ಬೀನು ಆ ಮನೆಗೆ ಬಂದದ್ದು ಐವತ್ತಾರರ ದೀಪಾವಳಿ ಕಳೆದ ಮೇಲೆ. ಉಜ್ಜನಪ್ಪನವರು ಹತ್ತಿ ವ್ಯಾಪಾರಿಗಳು. ಹುಬ್ಬಳ್ಳಿಗೆ ಹೋಗಿದ್ದಾಗ ಊರು ಬಿಡುತ್ತಿದ್ದ ಇಂಗ್ಲಿಷ್ ಎಂಜಿನಿಯರನೊಬ್ಬನ ಸಾಮಾನು ಹರಾಜಿಗೆ ಬಂದಿತ್ತು. ಕುರ್ಚಿ ಕೊಳ್ಳಲು ನಿಂತಿದ್ದ ಇವರು, ಇನ್ನೊಬ್ಬ ವ್ಯಾಪಾರಿ ಒಂದು ಹಿತ್ತಾಳೆ ಕೊಳವೆಯ ಮೇಲೆ ಕಣ್ಣಿಟ್ಟದ್ದನ್ನು ಕಂಡು, ಅದೇನೆಂದು ತಿಳಿಯುವ ಮೊದಲೇ ಕೂಗಿ ತಮ್ಮದು ಮಾಡಿಕೊಂಡರು. ಮಾರನೆಯ ದಿನದಿಂದ ಅವರು ಖಗೋಳ ಪಂಡಿತರು. ಮೊದಲ ಸಂಜೆ ಅದನ್ನು ತಿರುಗಾಮುರುಗಾ ಹಿಡಿದು ನೋಡಿದ್ದರಿಂದ ಎದುರಿನ ಮಿಲ್ಲಿನ ಚಿಮಣಿ ಚಿತ್ರದುರ್ಗದಾಚೆ ಹೋಗಿ ನಿಂತಂತೆ ಕಂಡಿತು. ಅದನ್ನೂ ಅವರು ಒಂದು ಸಂಶೋಧನೆಯೆಂದೇ ನಾಲ್ಕು ಜನಕ್ಕೆ ಹೇಳಿದರು.

ಯಾವ ತುದಿಗೆ ಕಣ್ಣಿಡಬೇಕೆಂದು ಹೇಳಿಕೊಟ್ಟವರು ಹರಿಹರದ ಕುತುಬುದ್ದೀನ್ ಮೇಷ್ಟ್ರು. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸುವ ಈ ಮನುಷ್ಯನಿಗೆ ಆಕಾಶದ ಹುಚ್ಚು. ಹುಚ್ಚಿತ್ತೇ ಹೊರತು ದುರ್ಬೀನಿರಲಿಲ್ಲ. ಉಜ್ಜನಪ್ಪನವರಲ್ಲಿ ದುರ್ಬೀನಿತ್ತು, ಉಳಿದದ್ದಿರಲಿಲ್ಲ. ಹಾಗಾಗಿ ಸ್ನೇಹ ಕುದುರಿತು. ಆಕಾಶದಲ್ಲಿ ಕಂಡದ್ದನ್ನು ಕಂಡಂತೆ ಬರೆದಿಡಬೇಕು, ಅದೇ ವಸ್ತುವನ್ನು ಅದೇ ತಿಂಗಳಲ್ಲಿ ವರ್ಷ ವರ್ಷ ಬರೆಯಬೇಕು, ಕಾಣದ್ದನ್ನು ಬರೆಯಕೂಡದು ಎಂದು ಮೇಷ್ಟ್ರು ಮೂರು ನಿಯಮ ಹೇಳಿದರು. ಉಜ್ಜನಪ್ಪನವರು ಮೂರಕ್ಕೂ ತಲೆಯಾಡಿಸಿ ಪೆನ್ಸಿಲನ್ನು ಹೆಂಡತಿಯ ಕೈಗೆ ಕೊಟ್ಟರು. ಒಂದು ಕಡೆ ಎರಡು ನಿಮಿಷ ಕೂರುವುದು ಅವರ ಜಾಯಮಾನದಲ್ಲಿರಲಿಲ್ಲ. ಕೆಲಸದ ಹಂಚಿಕೆಯೂ ಆಯಿತು: ದುರ್ಬೀನನ್ನು ಮಾಳಿಗೆಗೆ ಹೊರಿಸುವುದು, ಮುಂದಿನ ಗಾಜಿನ ಮುಚ್ಚಳ ತೆಗೆಯುವುದು, ಹಾಕುವುದು, ಚಿತ್ರದ ಕೆಳಗೆ ರುಜು ಮಾಡುವುದು ಯಜಮಾನರದು. ಹಿಂದಿನ ತುದಿಯಲ್ಲಿ ಕಣ್ಣಿಟ್ಟು ಕೂರುವುದಷ್ಟೇ ಹೆಂಡತಿಯದು. ಮುಂದಿನ ತುದಿಯನ್ನು ಬೇರೆ ಯಾರೂ ಮುಟ್ಟಕೂಡದು.

ಅನ್ನಪೂರ್ಣಮ್ಮನಿಗೆ ಚಿತ್ರ ಬರೆಯುವುದು ಕಷ್ಟವಾಗಲಿಲ್ಲ. ದಿನಾ ಬೆಳಿಗ್ಗೆ ಅಂಗಳದಲ್ಲಿ ಮಾಡುವ ಹಾಗೆಯೇ ಮೊದಲು ಚುಕ್ಕೆ ಇಡುತ್ತಿದ್ದಳು. ಇದರಿಂದ ಅದಕ್ಕೆ ಎಷ್ಟು, ಅದರಿಂದ ಇದಕ್ಕೆ ಎಷ್ಟು ಎಂದು ಕಣ್ಣಳತೆ. ಆಮೇಲೆ ಗಂಡನ ಅಂಗಡಿಯ ಮಾದರಿ ಹತ್ತಿಯಲ್ಲಿ ಒಂದು ಚೂರು ತೆಗೆದುಕೊಂಡು, ಪೆನ್ಸಿಲಿನ ಪುಡಿಯಲ್ಲಿ ಅದ್ದಿ ಮಬ್ಬನ್ನು ಒರೆಸುತ್ತಿದ್ದಳು. ಕಣ್ಣು ಕತ್ತಲಿಗೆ ಪಳಗಿರಲೆಂದು ಬ್ಯಾಟರಿಗೆ ಕೆಂಪು ಕುಬಸದ ಕಣ ಸುತ್ತಿದ್ದಳು. ಮಸುಕಾದ ವಸ್ತುವನ್ನು ನೇರವಾಗಿ ನೋಡಿದರೆ ಮಾಯವಾಗುತ್ತದೆ, ಪಕ್ಕಕ್ಕೆ ನೋಡುತ್ತ ಓರೆಗಣ್ಣಲ್ಲಿ ಹಿಡಿಯಬೇಕು ಎಂಬ ಗುಟ್ಟನ್ನು ಮೇಷ್ಟ್ರು ಬಹಳ ಹೊತ್ತು ವಿವರಿಸಿದರು. ಹದಿನೇಳು ಜನರ ಮನೆಯಲ್ಲಿ ಹತ್ತು ವರ್ಷ ಸೊಸೆಯಾಗಿದ್ದವಳಿಗೆ ಆ ವಿದ್ಯೆಯನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಐವತ್ತಾರರ ಡಿಸೆಂಬರಿನಲ್ಲಿ, ದೀಪ ಹಚ್ಚಿ ಅಡುಗೆ ಮುಗಿಸಿದ ಹೊತ್ತಿಗೆ, ಆಂಡ್ರೊಮಿಡಾ ಎಂದು ಮೇಷ್ಟ್ರು ಕರೆದ ಮಬ್ಬು ನೆತ್ತಿಯಿಂದ ಸ್ವಲ್ಪ ಬಡಗಣಕ್ಕೆ ನಿಂತಿತ್ತು. ನಡುವೆ ಉದ್ದನೆಯ ದೊಡ್ಡ ಬೆಳಕು. ಅದಕ್ಕೆ ಆತುಕೊಂಡಂತೆ ದುಂಡಗಿನ ಪುಟ್ಟದೊಂದು. ಅದರ ಎದುರು ಬದಿಗೆ, ಒಂದಿಷ್ಟು ದೂರದಲ್ಲಿ, ಇದೆಯೋ ಇಲ್ಲವೋ ಎನ್ನುವಂಥ ಇನ್ನೊಂದು. ಭಾನುವಳ್ಳಿಯ ಒಕ್ಕಲು ಮನೆಯಲ್ಲಿ ಹುಟ್ಟಿದ ಅನ್ನಪೂರ್ಣಮ್ಮನಿಗೆ ಅದು ಏನೆಂದು ಥಟ್ಟನೆ ಹೊಳೆಯಿತು: ಹಸು, ಹಾಲು ಕುಡಿಯುತ್ತಿರುವ ಕರು, ತಪ್ಪಿಸಿಕೊಂಡು ನಿಂತ ಪೋಲಿ ಕರು. ಈ ಬೆಳಕು ಹೊರಟು ಇಪ್ಪತ್ತು ಲಕ್ಷ ವರ್ಷವಾಯಿತೆಂದು ಮೇಷ್ಟ್ರು ಹೇಳಿದಾಗ ಉಜ್ಜನಪ್ಪನವರು, ರೈಲಿಗೆ ಹಾಕಿದ ನಮ್ಮ ಹತ್ತಿ ಅಂಡಿಗೆಯೂ ಹೀಗೇ ಎಂದು ನಿಟ್ಟುಸಿರುಬಿಟ್ಟು ರುಜು ಹಾಕಿದರು.

ಮರುವರ್ಷ ಡಿಸೆಂಬರಿನಲ್ಲಿ ಹಸು ಸ್ವಲ್ಪ ಮಂಕಾಗಿ ಕಂಡಿತು. ಇಬ್ಬನಿಯಿರಬೇಕು ಎಂದುಕೊಂಡಳು. ಐವತ್ತೆಂಟರಲ್ಲಿ ಬಾಲದ ತುದಿ ಬೇಲಿಯ ಚುಕ್ಕೆಯನ್ನು ಮುಟ್ಟಲಿಲ್ಲ. ಎರಡು ವರ್ಷದ ಹಿಂದಿನ ಹಾಳೆಯಲ್ಲಿ ದಾಟಿ ಹೋಗಿತ್ತು. ಆವತ್ತು ಆಕೆ ಮಾಳಿಗೆಯ ಮೆಟ್ಟಿಲನ್ನು ಗೋಡೆ ಹಿಡಿದುಕೊಂಡು ಇಳಿದಳು. ಯಾಕೆಂದರೆ ಕುಗ್ಗುತ್ತಿರುವುದು ಆಕಾಶವಲ್ಲ ಎಂದು ಆಕೆಗೆ ಗೊತ್ತಿತ್ತು.

ಭಾನುವಳ್ಳಿಯಲ್ಲಿ ಆಕೆಯ ತಾಯಿಗೆ ನಲವತ್ತೆರಡಕ್ಕೆ ಕಣ್ಣು ಹೋಗಿತ್ತು. ಒಂದು ಸಂಜೆ ತಾಯಿ, "ದೀಪಕ್ಕೆ ಎಣ್ಣೆ ಹಾಕ್ರೇ, ಆರಂಗೈತೆ" ಅಂದಿದ್ದಳು. ಪ್ರಣತಿಯಲ್ಲಿ ಎಣ್ಣೆ ತುಂಬಿತ್ತು. ಮಾರನೆಯ ಸಂಜೆಯೂ ಅದೇ ಮಾತು. ಅದರ ಮಾರನೆಯ ಸಂಜೆ ತಾಯಿ ಏನೂ ಹೇಳಲಿಲ್ಲ, ಗೋಡೆ ಸವರಿಕೊಂಡು ಒಳಗೆ ಹೋದಳು. ಅಜ್ಜಿಗೂ ಹೀಗೇ ಆಗಿತ್ತೆಂದು ಆಮೇಲೆ ಹಿರಿಯರು ಪಿಸುಗುಟ್ಟಿದರು. ಮೊದಲು ಹೋಗುವುದು ಮಬ್ಬು ಬೆಳಕು. ಹಗಲು ಕೊನೆಗೆ ಹೋಗುತ್ತದೆ. ಐವತ್ತೆಂಟರಲ್ಲಿ ಅನ್ನಪೂರ್ಣಮ್ಮನಿಗೆ ಮೂವತ್ತೇಳು.

ಅಲ್ಲಿಂದ ಆಕೆ ಕದ್ದುಮುಚ್ಚಿ ತನ್ನನ್ನೇ ಪರೀಕ್ಷೆ ಮಾಡಿಕೊಳ್ಳತೊಡಗಿದಳು. ಮುಸ್ಸಂಜೆಯಲ್ಲಿ ದೀಪ ಹಚ್ಚದೆ ಅಕ್ಕಿಯ ಕಲ್ಲು ಆರಿಸಿದಳು; ಎಲ್ಲ ಸಿಕ್ಕವು. ಸೂಜಿಗೆ ದಾರ ಪೋಣಿಸಿದಳು. ಮೊದಲ ಸಲಕ್ಕೇ ಹೋಯಿತು. ಬೀದಿಯ ಕೊನೆಯಲ್ಲಿ ಬರುವವರು ಯಾರೆಂದು ಮನಸ್ಸಿನಲ್ಲೇ ಹೆಸರಿಟ್ಟು ಹತ್ತಿರ ಬರುವ ತನಕ ಉಸಿರು ಹಿಡಿದು ಕಾದಳು, ತಪ್ಪಲಿಲ್ಲ. ಆದರೆ ಭಯವೆಂಬುದು ಸರ್ಟಿಫಿಕೇಟು ನೋಡಿ ಸುಮ್ಮನಾಗುವ ಗಿರಾಕಿಯಲ್ಲ. ತಾಯಿಯೂ ಆ ಸಂಜೆಯ ತನಕ ಅಕ್ಕಿ ಆರಿಸುತ್ತಿದ್ದಳಲ್ಲ. ಡಾಕ್ಟರ ಹತ್ತಿರ ಹೋದರೆ ಡಾಕ್ಟರು ಹೌದು ಅಂದುಬಿಟ್ಟಾರು. ಗಂಡನಿಗೆ ಹೇಳಿದರೆ ಪೇಟೆಗೆಲ್ಲ ಹೇಳಿದಂತೆ, ಮನೆಯಲ್ಲಿ ನೋಡಿದರೆ ಹದಿನಾರರ ಮಗಳು. ಕಣ್ಣು ಹೋಗುವ ವಂಶವೆಂದು ತಿಳಿದರೆ ಯಾರು ಬಂದಾರು?

ಐವತ್ತೊಂಬತ್ತರ ಡಿಸೆಂಬರಿನಲ್ಲಿ ಪೋಲಿ ಕರು ಇರಲಿಲ್ಲ.

ಆಕೆ ನೇರ ನೋಡಿದಳು, ಓರೆ ನೋಡಿದಳು, ಉಸಿರು ಬಿಗಿಹಿಡಿದಳು, ಕಣ್ಣು ಮುಚ್ಚಿ ನೂರು ಎಣಿಸಿ ತೆರೆದಳು. ಹಸು ಒಂದು ಬೂದು ಮುದ್ದೆಯಾಗಿತ್ತು. ಹಾಲು ಕುಡಿಯುವ ಕರು ಚುಕ್ಕೆಯಂತೆ ಅಂಟಿಕೊಂಡಿತ್ತು. ಇನ್ನೊಂದು ಇರಬೇಕಾದ ಕಡೆ ಬರೀ ಕಪ್ಪು. ಕೆಳಗೆ ಪಡಸಾಲೆಯಲ್ಲಿ ಉಜ್ಜನಪ್ಪನವರು ಯಾರಿಗೋ ಬ್ರಹ್ಮಾಂಡವನ್ನು ವಿವರಿಸುತ್ತಿದ್ದುದು ಕೇಳುತ್ತಿತ್ತು. ಅವರು ಅತಿಥಿಗಳಿಗೆಲ್ಲ ತೋರಿಸುತ್ತಿದ್ದದ್ದು ಚಂದ್ರನನ್ನು. ಚಂದ್ರ ಎಂಥ ಕಷ್ಟದಲ್ಲೂ ಕಾಣುವ ಆಸಾಮಿ, ಅವನ ಬಗ್ಗೆ ಯಾರದೂ ತಕರಾರಿರಲಿಲ್ಲ. ಅನ್ನಪೂರ್ಣಮ್ಮ ಒಂದೇ ಕರು ಬರೆದ ಹಾಳೆಯನ್ನು ಗಂಡನ ಮುಂದೆ ಹಿಡಿದಳು. ಅವರು ಮಾತು ನಿಲ್ಲಿಸದೆ ರುಜು ಹಾಕಿದರು.

ಅರವತ್ತರ ಇಡೀ ವರ್ಷ ಆಕೆ ಸಂಜೆಯಾದ ಮೇಲೆ ತಲೆಯೆತ್ತಿ ಆಕಾಶ ನೋಡಲಿಲ್ಲ. ಅಂಗಳಕ್ಕೆ ಹೋದರೆ ನೆಲ ನೋಡುತ್ತ ಹೋಗಿ ನೆಲ ನೋಡುತ್ತ ಬಂದಳು. ಡಿಸೆಂಬರು ಬಂದಾಗ ಮಾಳಿಗೆಯಲ್ಲಿ ದುರ್ಬೀನಿನ ಮುಂದೆ ಕೂತಳು, ಕಣ್ಣನ್ನು ಮಾತ್ರ ಅದಕ್ಕೆ ಇಡಲಿಲ್ಲ. ಕೆಂಪು ಬೆಳಕಿನಲ್ಲಿ ಐವತ್ತಾರರ ಹಾಳೆ ಬಿಚ್ಚಿಕೊಂಡು ಹಸುವನ್ನೂ ಎರಡೂ ಕರುಗಳನ್ನೂ ಚುಕ್ಕೆ ತಪ್ಪದಂತೆ ನಕಲು ಮಾಡಿದಳು. ಇಪ್ಪತ್ತು ವರ್ಷ ಗಂಡನಿಗೆ ಒಂದು ಸುಳ್ಳೂ ಹೇಳದವಳು ಆಕಾಶದ ವಿಷಯದಲ್ಲಿ ಹೇಳಿದಳು. ಉಜ್ಜನಪ್ಪನವರು ರುಜು ಹಾಕಿ ಹರಿಹರಕ್ಕೆ ಅಂಚೆಯಲ್ಲಿ ಕಳಿಸಿದರು.

ನಾಲ್ಕನೆಯ ದಿನ ಮೇಷ್ಟ್ರ ಕಾರ್ಡು ಬಂತು. ಚಿತ್ರ ತಲುಪಿದೆ, ತಂಗಿ ಅನ್ನಪೂರ್ಣಮ್ಮನನ್ನು ನೋಟ್‌ಬುಕ್ ಸಮೇತ ಕರೆದುಕೊಂಡು ಬರಬೇಕು ಎಂದಷ್ಟೇ ಇತ್ತು. ಉಜ್ಜನಪ್ಪನವರು ಅದನ್ನು ಎರಡು ಸಲ ಓದಿ, ಹರಿಹರದಲ್ಲಿ ತಮಗೇನೋ ಸನ್ಮಾನ ಗೊತ್ತುಪಡಿಸಿದ್ದಾರೆಂದು ತೀರ್ಮಾನಿಸಿ ಜರಿ ರುಮಾಲು ಸುತ್ತಿದರು. ರೈಲಿನಲ್ಲಿ ಹರಿಹರ ಎಷ್ಟು ಹೊತ್ತು? ಆಕೆಗೆ ಅದು ಮುಗಿಯಲೇ ಇಲ್ಲ. ಕಿಟಕಿಯಾಚೆ ಜೋಳದ ಹೊಲ, ಕಂಬ, ಕಾಲುವೆ ಎಲ್ಲವನ್ನೂ ಆಸೆಯಿಂದ ನೋಡಿದಳು. ಇವು ಯಾವುದರಲ್ಲಿ ಯಾವುದು ಮೊದಲು ಹೋಗುತ್ತದೋ ಎಂದು ಲೆಕ್ಕ ಹಾಕಿದಳು.

ಸನ್ಮಾನದ ಸುಳಿವೇ ಇಲ್ಲದ್ದರಿಂದ ಉಜ್ಜನಪ್ಪನವರು ಮೇಷ್ಟ್ರ ಮನೆಯಲ್ಲಿ ಹೆಚ್ಚು ಹೊತ್ತು ಕೂರದೆ, ಪರಿಚಯದವರ ಹತ್ತಿ ಜಿನ್ನಿಂಗ್ ಕಾರ್ಖಾನೆ ನೋಡಿ ಬರುತ್ತೇನೆಂದು ಹೊರಟರು. ಮೇಷ್ಟ್ರ ಹೆಂಡತಿ ಜೈನಾಬಿ ಚಿಪ್ಪಿನಿಂದ ಎರಡು ಬಾಳೆಹಣ್ಣು ಮುರಿದು ತಂದಿಟ್ಟಳು. ಸುಲಿಯದ ಹಣ್ಣಿಗೆ ಮಡಿಮೈಲಿಗೆ ಇಲ್ಲವೆಂಬುದು ಎರಡೂ ಮನೆಯವರು ಮಾತಿಲ್ಲದೆ ಒಪ್ಪಿಕೊಂಡಿದ್ದ ಕರಾರು. ಮೇಷ್ಟ್ರು ಐವತ್ತಾರರ ಹಾಳೆಯನ್ನೂ ಹೊಸದನ್ನೂ ಪಕ್ಕಪಕ್ಕಕ್ಕೆ ಹಾಸಿದರು.

"ತಂಗೀ, ಈ ಮೂಲ್ಯಾಗೆ ಒಂದು ಚುಕ್ಕೆ ಐತಲ್ಲ, ಅಲ್ಲಿ ಯಾವ ನಕ್ಷತ್ರನೂ ಇಲ್ಲ. ಐವತ್ತಾರರಾಗೆ ನಿಂಗೆ ಸೊಳ್ಳೆ ಕಚ್ಚಿ ಕೈ ಜಾರಿತ್ತು. ನಾನು ಪಕ್ಕದಾಗೇ ಇದ್ದೆ."

ಅನ್ನಪೂರ್ಣಮ್ಮ ಎರಡೂ ಹಾಳೆಗಳ ಮೇಲೆ ಬಗ್ಗಿದಳು.

"ಈ ವರ್ಷನೂ ಅಲ್ಲೇ ಚುಕ್ಕೆ ಐತೆ. ನಾಕು ವರ್ಷ ಆದ ಮ್ಯಾಲೂ ಆ ಸೊಳ್ಳೆ ಬದುಕೈತಾ?"

ಆಕೆ ನಗಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಎಲ್ಲ ಹೇಳಿದಳು. ಬಾಲ ಕುಗ್ಗಿದ್ದು, ಕರು ಕಾಣೆಯಾದದ್ದು, ಭಾನುವಳ್ಳಿಯ ದೀಪ. ಹೇಳಿ ಮುಗಿಸಿದಾಗ ಮೇಷ್ಟ್ರು ನಡುವಿನ ಮೂರು ವರ್ಷದ ಹಾಳೆಗಳನ್ನೂ ತೆರೆದರು. ಅವರೂ ಹೆದರಿದ್ದರು. ಐವತ್ತೇಳು, ಐವತ್ತೆಂಟು, ಐವತ್ತೊಂಬತ್ತು ಸಾಲಾಗಿಟ್ಟು ನೋಡಿದರೆ ಒಂದು ಕಣ್ಣು ಮುಚ್ಚಿಕೊಳ್ಳುತ್ತಿರುವಂತೆಯೇ ಇತ್ತು. ಕೊನೆಗೆ, ಬರಿಗಣ್ಣಿಗೆ ಮಬ್ಬು ಕಾಣುತ್ತದೆಯೋ ಎಂದು ಕೇಳಿದರು. ನೋಡಿಲ್ಲ ಅಂದಳು. ಈ ವರ್ಷ ಒಂದು ಸಲವೂ ನೋಡಿಲ್ಲವೇ ಎಂದರು. ದುರ್ಬೀನಿನಲ್ಲೇ ಇಲ್ಲದ್ದು ಬರಿಗಣ್ಣಿಗೆ ಎಲ್ಲಿ ಕಾಣಬೇಕು, ಅದೊಂದು ನೋಡಿ ಪೂರ್ತಿ ಖಚಿತ ಮಾಡಿಕೊಳ್ಳುವುದು ಬ್ಯಾಡ ಅನಿಸಿತು ಎಂದಳು.

ಹೊತ್ತು ಮುಳುಗಿ ಒಂದೂಕಾಲು ಗಂಟೆಗೆ, ಉಜ್ಜನಪ್ಪನವರು ಇನ್ನೂ ಬಾರದಿರುವಾಗಲೇ, ಮೇಷ್ಟ್ರು, ಜೈನಾಬಿ, ಅನ್ನಪೂರ್ಣಮ್ಮ ಮೂವರೂ ಮಾಳಿಗೆ ಹತ್ತಿದರು. ಹೊಳೆಯ ಕಡೆಯಿಂದ ತಣ್ಣನೆ ಗಾಳಿ ಬರುತ್ತಿತ್ತು. ನದಿಯಾಚೆ ದೀಪವಿರಲಿಲ್ಲ. ಮೇಷ್ಟ್ರು ದಿಕ್ಕು ತೋರಿಸಿ ದೂರ ಹೋಗಿ ನಿಂತರು. ಅನ್ನಪೂರ್ಣಮ್ಮ ತನ್ನ ಕಾಲ ಹೆಬ್ಬೆರಳು ನೋಡುತ್ತ ನಿಂತಳು. ಕುತ್ತಿಗೆ ಮೇಲೇಳಲಿಲ್ಲ. ತಲೆಯೆತ್ತಿದರೆ ಮುಗಿಯಿತು, ತಲೆಯೆತ್ತುವ ತನಕ ತನಗೆ ಕಣ್ಣಿದೆ. ಹಾಗೆಯೇ ನಿಂತಿರುವಾಗ ಒಂದು ರೈಲು ಸೇತುವೆ ದಾಟಿ ಹೋಯಿತು.

ಜೈನಾಬಿ ಬಂದು ಕೈ ಹಿಡಿದುಕೊಂಡಳು. "ನೋಡಿದ್ರೂ ಭಯ, ನೋಡ್ದಿದ್ರೂ ಭಯ. ನೋಡೇ ಭಯ ಪಡು ಅಕ್ಕ."

ಆಕೆ ತಲೆಯೆತ್ತಿದಳು. ಮೊದಲು ಏನೂ ಇಲ್ಲ. ಕಣ್ಣಲ್ಲಿ ನೀರು ತುಂಬಿತ್ತು. ಸೆರಗಿನಲ್ಲಿ ಒರೆಸಿಕೊಂಡು ಮತ್ತೆ ನೋಡಿದಳು. ನಾಲ್ಕು ನಕ್ಷತ್ರದ ದೊಡ್ಡ ಚೌಕ ಸಿಕ್ಕಿತು. ಅಲ್ಲಿಂದ ಒಂದು, ಎರಡು ಎಂದು ಚುಕ್ಕೆ ಎಣಿಸಿಕೊಂಡು ಹೋದಳು. ಜಾಗ ಬಂತು. ನೇರ ನೋಡಲಿಲ್ಲ. ಪಕ್ಕಕ್ಕೆ ನೋಡಿದಳು, ಅತ್ತೆ ಅಡುಗೆಮನೆಗೆ ಬಂದಾಗ ನೋಡುತ್ತಿದ್ದ ಹಾಗೆ. ಕಪ್ಪಿನ ಮೇಲೆ ಯಾರೋ ಹತ್ತಿಯ ಎಳೆಯೊಂದನ್ನು ಎಳೆದು ಬಿಟ್ಟಂತೆ ಬೆಳಕೊಂದು ಮೆಲ್ಲನೆ ಎದ್ದಿತು.

ಐತೆ ಎಂದಳು. ಆಮೇಲೆ, ಇಲ್ಲ, ನೆನಪಿಗೇ ಕಂಡಂಗಾಗ್ತೈತೇನೋ ಎಂದಳು. ಮೇಷ್ಟ್ರು ಅಲ್ಲಿಂದಲೇ, ಅದು ಯಾವ ಕಡೆ ವಾಲಿದೆ ಕೈಯಲ್ಲಿ ತೋರಿಸು ಅಂದರು. ಆಕೆ ಅಂಗೈ ಓರೆ ಮಾಡಿ ಹಿಡಿದಳು. ಮೇಷ್ಟ್ರು ತಮ್ಮ ಕೈಯನ್ನೂ ಹಿಡಿದರು. ಎರಡೂ ಕೈ ಒಂದೇ ವಾಲು ವಾಲಿದ್ದವು. ಜೈನಾಬಿ ಎರಡನ್ನೂ ನೋಡಿ, ತನಗಂತೂ ಒಂದು ಕೂದಲೂ ಕಾಣುತ್ತಿಲ್ಲ, ಕಣ್ಣು ಹೋಗಿರುವುದು ತನಗೇ ಇರಬೇಕು ಎಂದಳು.

"ಕಣ್ಣು ನೆಟ್ಟಗೈತೆ ತಂಗಿ," ಎಂದರು ಮೇಷ್ಟ್ರು. "ಕಾಯಿಲೆ ಆಗಿರೋದು ದುರ್ಬೀನಿಗೆ."

ಮುಂದಿನ ಭಾನುವಾರ ಮಧ್ಯಾಹ್ನ ಮೇಷ್ಟ್ರು ದಾವಣಗೆರೆಗೆ ಬಂದು ದುರ್ಬೀನನ್ನು ಬಿಸಿಲಿಗೆ ತರಿಸಿದರು. ಮುಂದಿನ ಗಾಜಿಗೆ ಇಬ್ಬನಿ ತಾಗದಂತೆ ಗೇಣುದ್ದದ ತಗಡಿನ ಕೊಳವೆ ಇತ್ತು. ಗಾಜು ಅದರ ತಳದಲ್ಲಿ. ಮುಚ್ಚಳ ತೆಗೆದು ಒಳಗೆ ಇಣುಕಿ ನೋಡಿದವರೇ ಮೇಷ್ಟ್ರು ಹಿಂದೆ ಸರಿದು ಟೋಪಿ ಸರಿಮಾಡಿಕೊಂಡರು. ಏನಿದೆ ಎಂದು ಅನ್ನಪೂರ್ಣಮ್ಮ ಕೇಳಿದಾಗ, ನೀನೇ ನೋಡು, ಇದು ನಾನು ಹೇಳೋ ವಿಷಯ ಅಲ್ಲ ಎಂದರು. ಆಕೆ ಇಣುಕಿದಳು. ಗಾಜಿನ ಮೇಲೆ ಮೂರು ಬೆರಳಿನ ವಿಭೂತಿ ಪಟ್ಟೆ, ಅದರ ಮೇಲೆ ಇನ್ನೊಂದು ಸಲದ್ದು, ಅದರ ಮೇಲೆ ಮತ್ತೊಂದು. ಸುಣ್ಣ ಬಳಿದ ಗೋಡೆಯ ಹಾಗೆ ಗಟ್ಟಿಯಾಗಿತ್ತು.

ಉಜ್ಜನಪ್ಪನವರಿಗೆ ಮುಚ್ಚುಮರೆಯೇನೂ ಇರಲಿಲ್ಲ. ಪ್ರತಿ ವರ್ಷ ಆಯುಧಪೂಜೆಯ ದಿನ ತಕ್ಕಡಿಗೆ, ಗಾಡಿಗೆ, ತಿಜೋರಿಗೆ ಪೂಜೆ ಮಾಡಿ, ಕೊನೆಗೆ ಬಾಗಿಲು ಹಾಕಿಕೊಂಡು ದುರ್ಬೀನಿಗೆ ತಾವೇ ಸ್ವಹಸ್ತದಿಂದ ಮಾಡುತ್ತಿದ್ದರಂತೆ. ಐವತ್ತೇಳರಿಂದ ಒಂದು ವರ್ಷವೂ ತಪ್ಪಿಸಿಲ್ಲ. "ಅದು ಮೂರನೇ ಕಣ್ಣು ಮೇಷ್ಟ್ರೇ. ನೊಸಲು ಬರಿದು ಬಿಡಾಕಾಗ್ತೈತಾ?" ಎಂದರು. ಒರೆಸಿದರೆ ಅಪಚಾರವೆಂದು ಹಾಗೇ ಬಿಟ್ಟಿದ್ದರಂತೆ.

ಮೇಷ್ಟ್ರು ಗೋಡೆಯ ಕ್ಯಾಲೆಂಡರು ಓದುತ್ತ ನಿಂತರು. ಪರಮತದವನಾಗಿ ವಿಭೂತಿ ಒರೆಸಿ ಎಂದು ಹೇಳುವ ಧೈರ್ಯ ಅವರಿಗಿರಲಿಲ್ಲ. ಅನ್ನಪೂರ್ಣಮ್ಮ ಗಂಡನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಈ ಸಲ ನೇರವಾಗಿಯೇ ನೋಡಿದಳು.

"ಲಿಂಗಕ್ಕೆ ದಿನಾ ಮಜ್ಜನ ಮಾಡಿ, ಹಳೇದು ತೊಳೆದು, ಹೊಸಾ ವಿಭೂತಿ ಹಚ್ತೀರಿ. ಇದಕ್ಕೆ ನಾಕು ವರ್ಷದಿಂದ ಒಂದು ತಂಬಿಗೆ ನೀರು ಕಾಣಿಸಿಲ್ಲ. ಇದು ಯಾವ ಪೂಜೆ ರೀ?"

ಉಜ್ಜನಪ್ಪನವರು, ತಾನೂ ಅದನ್ನೇ ಯೋಚಿಸುತ್ತಿದ್ದೆ ಎಂದು, ಬೆಳ್ಳಿ ತಂಬಿಗೆಯಲ್ಲಿ ನೀರು ತರಿಸಿದರು. ಉಜ್ಜಬೇಡಿ, ಹತ್ತಿಯಲ್ಲಿ ನೆನೆಸಿ ನೆನೆಸಿ ಎತ್ತಿ ಎಂದು ಮೇಷ್ಟ್ರು ಪಕ್ಕದಲ್ಲಿ ಕೈ ಹಿಸುಕಿಕೊಳ್ಳುತ್ತ ನಿಂತರು. ಮಜ್ಜನ ಒಂದು ಗಂಟೆ ನಡೆಯಿತು. ಮುಂದಿನ ವರ್ಷದಿಂದ ವಿಭೂತಿ ಹಿತ್ತಾಳೆಗೆ ಮಾತ್ರ ಎಂದು ಉಜ್ಜನಪ್ಪನವರೇ ಅಪ್ಪಣೆ ಕೊಡಿಸಿದರು.

ಆ ಸಂಜೆ ಅನ್ನಪೂರ್ಣಮ್ಮ ಮತ್ತೆ ಕೂತಳು. ಹಸುವಿನ ಬಾಲ ಬೇಲಿ ದಾಟಿತ್ತು. ಪೋಲಿ ಕರು ತನ್ನ ಜಾಗದಲ್ಲಿ ನಿಂತಿತ್ತು. ಮತ್ತೆ ಮತ್ತೆ ಕರುವನ್ನೇ ನೋಡುತ್ತ ಬರೆದದ್ದರಿಂದ ಆ ಚಿತ್ರ ಉಳಿದವುಗಳಷ್ಟು ಅಂದವಾಗಿಲ್ಲ. ಹರಿಹರದಿಂದ ವಾಪಸು ತಂದಿದ್ದ ನಕಲು ಹಾಳೆಯನ್ನು ಆಕೆ ಹರಿಯಲಿಲ್ಲ. ಮೂಲೆಯಲ್ಲಿ ಸಣ್ಣಗೆ "ಸುಳ್ಳು" ಎಂದು ಬರೆದು ನೋಟ್‌ಬುಕ್ಕಿನಲ್ಲೇ ಇಟ್ಟಳು. ಗಂಡನ ರುಜು ಅದರ ಕೆಳಗೇ ಇದೆ.

ಭಯ ಅಷ್ಟಕ್ಕೇ ಬಿಡಲಿಲ್ಲ. ತಾಯಿಯ ನಲವತ್ತೆರಡು ಇನ್ನೂ ಮುಂದಿತ್ತು. ಮೂರು ವರ್ಷ, ಹಸು ಕಾಣುವ ತಿಂಗಳುಗಳಲ್ಲಿ, ದೀಪ ಹಚ್ಚಿದ ಕೂಡಲೇ ಆಕೆ ಹಿತ್ತಲಿಗೆ ಹೋಗಿ ಬರಿಗಣ್ಣಿನಲ್ಲಿ ನೋಡಿ ಬಂದೇ ಒಲೆ ಮುಂದೆ ಕೂರುತ್ತಿದ್ದಳು. ಮೋಡ ಕವಿದ ಸಂಜೆ ಅಡುಗೆಗೆ ಉಪ್ಪು ಹೆಚ್ಚಾಗುತ್ತಿತ್ತು. ನಲವತ್ತೆರಡು ಕಳೆಯಿತು, ನಲವತ್ಮೂರು ಬಂತು, ಕಣ್ಣು ಹೋಗಲಿಲ್ಲ.

ಅರವತ್ತನಾಲ್ಕರಲ್ಲಿ ವ್ಯಾಪಾರಿಗಳ ಸಂಘವೊಂದು ಉಜ್ಜನಪ್ಪನವರಿಗೆ ಖಗೋಳ ಪಂಡಿತರೆಂದು ಕೊನೆಗೂ ಸನ್ಮಾನ ಮಾಡಿತು. ಶಾಲು, ಹಾರ, ಒಂದೂವರೆ ಗಂಟೆಯ ಭಾಷಣ. ಅದು ಮುಗಿದ ಮೇಲೆ ಸಂಘದ ಕಾರ್ಯದರ್ಶಿ ಬಕ್ಕೇಶಪ್ಪನವರು, ಹೆಣ್ಣುಮಕ್ಕಳನ್ನೂ ಎರಡು ಮಾತು ಕೇಳಿದಂತಾಗಲೆಂದು ಅನ್ನಪೂರ್ಣಮ್ಮನ ಕಡೆ ತಿರುಗಿ ನಗುತ್ತ ಕೇಳಿದರು:

"ಅಲ್ರಮ್ಮಾ, ಅಮಾವಾಸ್ಯೆ ದಿನ ಒಬ್ರೇ ಮಾಳಿಗೆ ಮ್ಯಾಲೆ ಕೂಡ್ತಿದ್ರಂತೆ. ದೆವ್ವ ಗಿವ್ವ ಕಂಡ್ರೆ ಅಂತ ಹೆದರಿಕೆ ಆಗ್ತಿರ್ಲಿಲ್ವಾ?"

"ಕಂಡಿದ್ರೆ ಚಲೋ ಆಗ್ತಿತ್ತು ರೀ," ಎಂದಳು ಅನ್ನಪೂರ್ಣಮ್ಮ. "ಕಣ್ಣು ನೆಟ್ಟಗದಾವೆ ಅಂತ ನೆಮ್ಮದಿಯಾಗಿ ಮಲಗ್ತಿದ್ದೆ."